ಹಾಳೆ ಎರಡು, ಟ್ಯೂಬು ನಾಲ್ಕು

ಸೋಮವಾರ ಬೆಳಿಗ್ಗೆ ಮನೋಹರ ಊಟದ ಡಬ್ಬಿ ಎತ್ತಿಕೊಂಡಾಗ ಅದರಡಿ ಮಡಚಿಟ್ಟಿದ್ದ ಚೀಟಿಯೊಂದು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಅವನ ಹೆಂಡತಿ ಭೂಮಿಕಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಸೌಟು ಹಾಗೇ ಇತ್ತು.

"ಬರೋ ಭಾನುವಾರ ಗುಡ್ಡಕ್ಕೆ ಹೋಗೋಣ್ವಾ?" ಎಂದಳು. "ಕೆಂಚನ್ನೂ ಕರ್ಕೊಂಡು."

ಕೆಂಚ ಎಂದರೆ ಅವಳ ತವರಿನ ನಾಯಿ. ಅವಳಪ್ಪ ಹೊನ್ನಯ್ಯನವರಿಗೆ ಮಂಡಿನೋವು ಹೆಚ್ಚಾಗಿ ಗುಡ್ಡ ಹತ್ತುವುದು ನಿಂತ ಮೇಲೆ ಅದೂ ಮಂಕಾಗಿತ್ತು. ಎರಡು ತಿಂಗಳ ಹಿಂದೆ ಭೂಮಿಕಾ ಅದನ್ನು ಭದ್ರಾವತಿಯಿಂದ ಶಿವಮೊಗ್ಗದ ಗೋಪಾಳದ ಈ ಮನೆಗೆ ಕರೆತಂದಿದ್ದಳು.

"ಯಾವ ಗುಡ್ಡ?"

"ಉಂಬ್ಳೆಬೈಲಿನ ಹತ್ರದ್ದು. ಅಪ್ಪನ ಜೊತೆ ಹೋಗ್ತಿದ್ವಲ್ಲ, ಅದು. ಏನೇನು ಬೇಕು ಅಂತ ಅದ್ರಲ್ಲಿ ಬರ್ದಿದೀನಿ. ಗುರುವಾರ ತಂದ್ರೆ ಸಾಕು."

"ಆಯ್ತು" ಎಂದ ಮನೋಹರ. ಅಷ್ಟು ಬೇಗ 'ಆಯ್ತು' ಎಂದದ್ದು ಅವನಿಗೇ ಆಶ್ಚರ್ಯ.

ಹಜಾರದಲ್ಲಿ ಹುರುಳಿ ಆರಿಸುತ್ತ ಕೂತಿದ್ದ ಅವನ ತಾಯಿ ವಿಮಲಮ್ಮ ತಲೆ ಎತ್ತದೆಯೇ, "ಮನುಷ್ಯರಿಗೇ ಒಂದಿನ ಜೋಗ ತೋರಿಸ್ದವನಲ್ಲ, ನಾಯಿಗೆ ಗುಡ್ಡ ತೋರಿಸ್ತಾನಂತೆ" ಎಂದರು. ಆ ಮನೆಯಲ್ಲಿ ಹೆಚ್ಚಿನ ಮಾತುಗಳಿಗೆ ಉತ್ತರ ಸಿಗುತ್ತಿರಲಿಲ್ಲ.

ಮದುವೆಯಾಗಿ ಎಂಟು ತಿಂಗಳಾಗಿತ್ತು. ಜಗಳವೇನೂ ಇರಲಿಲ್ಲ. ಜಗಳವಿದ್ದಿದ್ದರೆ ಎಲ್ಲಿಂದ ಸರಿಮಾಡಬೇಕೆಂದಾದರೂ ತಿಳಿಯುತ್ತಿತ್ತು. ಊಟ, ನೀರು, ಹಾಲಿನವನು, ಕರೆಂಟು, ಇಷ್ಟರಲ್ಲಿ ಅವರ ಮಾತು ಮುಗಿಯುತ್ತಿತ್ತು. ಅವಳು ಮೌನದ ಸ್ವಭಾವದವಳೆಂದು ಅವನು ನಂಬಿದ್ದ. ಆದರೆ ಒಂದು ಮಧ್ಯಾಹ್ನ ಮನೆಗೆ ಬೇಗ ಬಂದಾಗ ಹಿತ್ತಿಲಿನಲ್ಲಿ ಅವಳು ಕೆಂಚನ ಜೊತೆ ಒಂದೇ ಸಮನೆ ಮಾತಾಡುತ್ತಿರುವುದು ಕೇಳಿಸಿತ್ತು. ಅವನ ಚಪ್ಪಲಿಯ ಸದ್ದಿಗೆ ಮಾತು ನಿಂತಿತ್ತು. ಅಂದಿನಿಂದ, ಆ ಮೌನ ಅವಳ ಸ್ವಭಾವವೋ ಅಥವಾ ತನಗಾಗಿ ಮಾತ್ರ ಎತ್ತಿಟ್ಟದ್ದೋ ಎಂಬುದು ಅವನನ್ನು ಕಾಡುತ್ತಿತ್ತು.

ಅದಕ್ಕೇ ಈ ಚೀಟಿ ಅವನಿಗೆ ದೊಡ್ಡದಾಯಿತು. ಎಂಟು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ಸಂಗತಿ ಇದು. ಇದನ್ನು ಕೆಡಿಸಿದರೆ ಎರಡನೆಯದನ್ನು ಕೇಳುವುದಿಲ್ಲವೆಂದು ಅವನಿಗೆ ಖಚಿತವಾಗಿ ಅನ್ನಿಸಿತು.

ಅವನು ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಆಫೀಸಿನ ಕೆಲಸ ನೋಡಿಕೊಳ್ಳುತ್ತಿದ್ದ. ಬಿ.ಎಸ್ಸಿ. ಓದಿದವನಿಗೆ ಅಲ್ಲಿ ಇನ್‌ವಾಯ್ಸ್ ಬರೆಯುವುದು, ಗುರುವಾರ ಗುರುವಾರ ಟೆಂಪೋದಲ್ಲಿ ಭದ್ರಾವತಿಗೆ ಹೋಗಿ ಮಾಲು ಒಪ್ಪಿಸಿ ಬರುವುದು, ಇಷ್ಟು ಕೆಲಸ. ಮಧ್ಯಾಹ್ನ ಡಬ್ಬಿ ಬಿಚ್ಚಿ, ಚೀಟಿಯನ್ನು ಅದರ ಮುಚ್ಚಳಕ್ಕೆ ಒರಗಿಸಿಕೊಂಡು ಓದಿದ. ದುಂಡನೆಯ ಅಕ್ಷರಗಳಲ್ಲಿ ಐದೇ ಸಾಲು. ಪಟ್ಟಿ. ಹಾಳೆ ಎರಡು. ಟ್ಯೂಬು ನಾಲ್ಕು. ಹೊಗೆಸೊಪ್ಪು. ಸುಣ್ಣ.

ಎರಡನೇ ಸಲ ಓದಿದ. ಮೂರನೇ ಸಲ ಓದುವಷ್ಟರಲ್ಲಿ ಮೊಸರನ್ನದ ರುಚಿ ಹೋಗಿತ್ತು.

ಪಟ್ಟಿ ಎಂದರೆ ನಾಯಿಯ ಕೊರಳಿನದೇ? ಆದರೆ ಶಿವಮೊಗ್ಗದಲ್ಲಿ ಅದನ್ನು ಎಲ್ಲರೂ ಬೆಲ್ಟ್ ಎನ್ನುತ್ತಾರೆ, ಮತ್ತು ಕೆಂಚನ ಕೊರಳಲ್ಲಿ ಒಂದು ಬೆಲ್ಟ್ ಆಗಲೇ ಇದೆ. ಇದ್ದದ್ದನ್ನು ಯಾಕೆ ಬರೆಯುತ್ತಾಳೆ? ಹಾಗಾದರೆ ಗಾಯಕ್ಕೆ ಕಟ್ಟುವ ಪಟ್ಟಿಯೇ ಇರಬೇಕು. ಪಟ್ಟಿಯ ಜೊತೆ ಟ್ಯೂಬು ಎಂದ ಮೇಲೆ ಅದು ಮುಲಾಮಿನ ಟ್ಯೂಬೇ. ಲೆಕ್ಕ ಸರಿಹೋಯಿತು. ಆದರೆ ಸರಿಹೋದ ಲೆಕ್ಕವೇ ಅವನನ್ನು ಹೆದರಿಸಿತು. ಒಂದು ನಾಯಿಗೆ ನಾಲ್ಕು ಟ್ಯೂಬು ಮುಲಾಮು ಬೇಕಾಗುವಂಥ ಗುಡ್ಡ ಅದೆಂಥದ್ದು?

ಸಂಜೆ ಕೇಳಿಬಿಡೋಣವೆಂದುಕೊಂಡ. ಸಂಜೆ ಅವಳು ಕಾಫಿ ಇಟ್ಟು ಹೋದಳು. ಕೇಳಿದರೆ, 'ಇಷ್ಟೂ ಗೊತ್ತಾಗಲ್ವಾ ಇವರಿಗೆ' ಎಂದುಕೊಳ್ಳುತ್ತಾಳೆ. ಕೇಳದಿದ್ದರೆ ತಪ್ಪು ತರುತ್ತೇನೆ. ಕಾಫಿ ಆರಿತು.

ಮಂಗಳವಾರ ಕೆಲಸ ಮುಗಿಸಿ ನೇರ ಗಾಂಧಿ ಬಜಾರಿಗೆ ಹೋದ. ಔಷಧಿ ಅಂಗಡಿಯವನು, "ನಾಯಿ ಕಚ್ಚಿದ್ಯಾ?" ಎಂದು ಕೇಳಿದ.

"ಇಲ್ಲ, ನಾಯಿಗೇ ಬೇಕಾಗಿತ್ತು."

"ಏನಾಗಿದೆ ಅದಕ್ಕೆ?"

"ಇನ್ನೂ ಏನೂ ಆಗಿಲ್ಲ."

ಅಂಗಡಿಯವನು ಅವನ ಮುಖ ನೋಡಿದ. "ಆಗದೇ ಇರೋದಕ್ಕೆ ನಾಲ್ಕು ಟ್ಯೂಬಾ ಸಾರ್?"

ಕಾಗದದ ಅಂಗಡಿಯ ಪುಟ್ಟಣ್ಣ ಪರಿಚಯದವರು, ಆಫೀಸಿನ ರಿಜಿಸ್ಟರುಗಳನ್ನೆಲ್ಲ ಅಲ್ಲೇ ಕೊಳ್ಳುತ್ತಿದ್ದದ್ದು. ಅವರ ಮುಂದೆ ನಿಂತು, "ಎರಡು ಹಾಳೆ ಬೇಕಿತ್ತು" ಎಂದ.

"ಯಾವ ಹಾಳೆ? ಬಿಳೀದಾ, ಗೀಟಿಂದಾ, ಡ್ರಾಯಿಂಗ್ ಹಾಳೆನಾ?"

"ಯಾವುದು ಅಂತ ಬರ್ದಿಲ್ಲ. ನಾಯಿ ಕರ್ಕೊಂಡು ಗುಡ್ಡಕ್ಕೆ ಹೋಗೋಕೆ."

"ಗುಡ್ಡದ ಮೇಲೆ ಕೂತು ಅರ್ಜಿ ಬರಿಯುತ್ತಾ ಮಾರಾಯ ನಿಮ್ ನಾಯಿ?" ಪುಟ್ಟಣ್ಣ ನಕ್ಕರು. ಆಮೇಲೆ ಅವನು ನಗದಿರುವುದನ್ನು ನೋಡಿ ತಾವೂ ಯೋಚನೆಗೆ ಬಿದ್ದರು. "ಮಳೆ ಇನ್ನೂ ಪೂರ್ತಿ ಹೋಗಿಲ್ಲ. ಪ್ಲಾಸ್ಟಿಕ್ ಹಾಳೆ ಇರ್ಬೇಕು ನೋಡಿ. ತಲೆ ಮೇಲೆ ಹೊದ್ಕೊಳ್ಳೋಕೆ."

ಅದು ಸರಿ ಎನ್ನಿಸಿತು. ಆದರೆ ಹೊರಡುವವರು ಮೂವರು. ಅವಳು, ಕೆಂಚ, ತಾನು. ಬರೆದದ್ದು ಎರಡು. ಪ್ಲಾಸ್ಟಿಕ್ಕಿನ ಸುರುಳಿಯಿಂದ ಪುಟ್ಟಣ್ಣ ಕತ್ತರಿಸುತ್ತಿದ್ದಾಗ ಮನೋಹರ ಆ ಎರಡರ ಬಗ್ಗೆಯೇ ಯೋಚಿಸುತ್ತ ನಿಂತ. ಅವಳು ಲೆಕ್ಕಕ್ಕೆ ಹಿಡಿದದ್ದು ಯಾರು ಯಾರನ್ನು? ನಾಯಿಯನ್ನು ಬಿಡುವವಳಲ್ಲ. "ಮೂರು ಮಾಡಿ" ಎಂದ ಕೊನೆಗೆ.

ಬುಧವಾರ ಉಳಿದದ್ದು ಹೊಗೆಸೊಪ್ಪು ಮತ್ತು ಸುಣ್ಣ. ನಾಯಿ ಹೊಗೆಸೊಪ್ಪು ತಿನ್ನುವುದಿಲ್ಲ. ತಾನು ತಿನ್ನುವುದಿಲ್ಲ. ಉಳಿದವರು ಒಬ್ಬರೇ. ಬೀಡಾ ಅಂಗಡಿಯಲ್ಲಿ ಕಟ್ಟಿಸಿಕೊಳ್ಳುವಾಗ ಬೀದಿಯ ಇಬ್ಬರು ನೋಡಿದರು, ಒಬ್ಬ ಕಣ್ಣು ಮಿಟುಕಿಸಿದ. ಭದ್ರಾವತಿಯ ಕಾರ್ಖಾನೆ ಕಡೆಯ ಮನೆಗಳಲ್ಲಿ ಹೆಂಗಸರು ಹಾಕುತ್ತಾರೋ ಏನೋ. ಹಾಕಿದರೆ ತಪ್ಪೇನು ಎಂದೂ ತನಗೆ ತಾನೇ ಹೇಳಿಕೊಂಡ. ಆದರೂ ಅಂದು ಅವಳು ಬಡಿಸುತ್ತಿದ್ದಾಗ ಕಣ್ಣು ತಾನಾಗಿ ಅವಳ ಹಲ್ಲಿನ ಕಡೆಗೇ ಹೋಯಿತು. ಅವಳು ಗಮನಿಸಿ ಬಾಯಿಗೆ ಸೆರಗು ಅಡ್ಡ ಹಿಡಿದು, ನಾಲಿಗೆಯಿಂದ ಹಲ್ಲು ತಡವಿಕೊಂಡಳು.

ಗುರುವಾರ ಟೆಂಪೋದಲ್ಲಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತ. ಡ್ರೈವರ್ ಬೀರಪ್ಪ ಚೀಲದೊಳಗೆ ಇಣುಕಿದ.

"ಏನ್ ಸಾರ್ ಇದು, ಆಸ್ಪತ್ರೆನೋ ಬೀಡಾ ಅಂಗಡಿನೋ?"

ಹೇಳದೆ ಇರಲಾಗದೆ ಮನೋಹರ ಹೇಳಿದ. ಚೀಟಿಯನ್ನೂ ಓದಿದ. ಬೀರಪ್ಪ ಭದ್ರಾವತಿಯ ಸೇತುವೆ ದಾಟುವವರೆಗೂ ಯೋಚಿಸಿ, "ನಂಗೂ ತಿಳೀಲಿಲ್ಲ" ಎಂದ. "ಅಲ್ಲ ಸಾರ್, ನಾಯಿ ನಿಮ್ಮ ಮಾವಂದು. ಗುಡ್ಡ ಹತ್ತಿದ್ದೂ ಅವರೇ. ಮನೆ ಇಲ್ಲೇ ಹೊಸಮನೆ ಬಡಾವಣೇಲಿ. ಅವರನ್ನೇ ಕೇಳೋದು ಬಿಟ್ಟು ಶಿವಮೊಗ್ಗ ಎಲ್ಲಾ ಸುತ್ತಿದೀರಲ್ಲ!"

ಕೇಳಬಹುದಾಗಿತ್ತು. ಆದರೆ ಹಾಗೆ ಹೋಗುವುದು ಹೇಗೆ? ಎಂಟು ತಿಂಗಳಿನಿಂದ ಪ್ರತಿ ಗುರುವಾರ ಮಾವನ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ, ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಅವನು ಊಟ ಮಾಡುತ್ತಿದ್ದ. ಅಳಿಯನೆಂದರೆ ಕರೆದಾಗ ಹೋಗುವವನು, ದಾರಿಯಲ್ಲಿ ಸಿಕ್ಕಿತೆಂದು ನುಗ್ಗುವವನಲ್ಲ ಎಂದು ವಿಮಲಮ್ಮ ಯಾವಾಗಲೋ ಬೇರೆ ಯಾರ ಬಗ್ಗೆಯೋ ಹೇಳಿದ್ದು ಅವನೊಳಗೆ ಕೂತುಬಿಟ್ಟಿತ್ತು. ಹಬ್ಬಕ್ಕೆ ಕರೆದಾಗ ಎರಡು ಸಲ ಹೋಗಿದ್ದ, ಹೊಸ ಪಂಚೆ ಉಟ್ಟು. ಬೂದಿ ಬಣ್ಣದ ಕೆಲಸದ ಷರಟಿನಲ್ಲಿ, ಕೈ ಬೀಸಿಕೊಂಡು, ಕರೆಯದೆ? ಆದರೆ ಅವಳು ಹೇಳಿದ ಗುರುವಾರ ಎಂದರೆ ಇವತ್ತು. ಮಾಲು ಒಪ್ಪಿಸಿದ ಮೇಲೆ, ಚೀಲವನ್ನು ಟೆಂಪೋದಲ್ಲೇ ಬಿಟ್ಟು, ಅರ್ಧ ಡಜನ್ ಬಾಳೆಹಣ್ಣು ಕೊಂಡು ಹೊಸಮನೆಯ ಕಡೆ ನಡೆದ.

ಬಾಗಿಲು ತೆಗೆದ ಅತ್ತೆ ಪುಷ್ಪಮ್ಮ ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಒಳಗೆ ತಿರುಗಿ ಕೂಗಿದರು: "ರೀ, ಬಂದ್ರು! ನಾನು ಹೇಳಿರ್ಲಿಲ್ವಾ? ಬಂದೇ ಬಂದ್ರು!"

ಪಕ್ಕದ ಶೆಡ್ಡಿನಲ್ಲಿ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ ಹೊನ್ನಯ್ಯ ಮಂಡಿ ಹಿಡಿದುಕೊಂಡು ಎದ್ದು ಬಂದರು. "ಗೆದ್ದೆ ಬಿಡು ಮಾರಾಯ್ತಿ. ಬನ್ನಿ ಅಳಿಯಂದ್ರೇ, ಬನ್ನಿ. ಇವರು ಎಲ್ಲಿ ಬರ್ತಾರೆ, ಕೆಲಸದ ಮೇಲೆ ಬರೋರು ಅಂತ ನಾನು ಹೇಳ್ತಿದ್ದೆ." ಗೋಡೆಯಾಚೆಯಿಂದ ಪಕ್ಕದ ಮನೆಯ ತಮಿಳು ಹೆಂಗಸು ಇಣುಕಿ, "ಮಾಪ್ಳೆ ಬಂದ್ರಾ ಪುಷ್ಪಕ್ಕಾ?" ಎಂದಳು. ಅವಳಿಗೂ ಗೊತ್ತಿತ್ತು! ಮನೋಹರನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಬಾಳೆಹಣ್ಣು ಯಾರ ಕೈಗೆ ಕೊಡಬೇಕೆಂದೂ ತಿಳಿಯಲಿಲ್ಲ.

"ಸೋಮವಾರವೇ ಭೂಮಿ ಫೋನ್ ಮಾಡಿದ್ಲು" ಎಂದರು ಪುಷ್ಪಮ್ಮ, ನೀರಿನ ಚೊಂಬು ಕೊಡುತ್ತ. "ಗುಡ್ಡಕ್ಕೆ ಹೋಗ್ತೀವಿ, ಅಟ್ಟದ ಮೇಲಿನ ಸಾಮಾನು ತೆಗೆದಿಡು, ಗುರುವಾರ ಅವರು ಬರ್ತಾರೆ, ಚೀಟಿ ಕೊಟ್ಟು ಕಳಿಸ್ತೀನಿ ಅಂತ. ಎಲ್ಲಾ ಕಟ್ಟಿಟ್ಟಿದೀನಿ. ಎಲ್ಲಿ, ಚೀಟಿ ಕೊಡಿ, ಏನಾದ್ರೂ ಮರ್ತಿದೀನಾ ನೋಡೋಣ."

ಮನೋಹರ ಜೇಬಿನಿಂದ ಚೀಟಿ ತೆಗೆದುಕೊಟ್ಟ. ಅದು ತನಗೆ ಬರೆದದ್ದೇ ಅಲ್ಲ. ನಾಲ್ಕು ದಿನ ಅವನು ಇನ್ನೊಬ್ಬರ ಕಾಗದ ಓದುತ್ತಿದ್ದ. ಗುರುವಾರ ತಂದರೆ ಸಾಕು ಎಂದರೆ, ಗುರುವಾರ ಭದ್ರಾವತಿಗೆ ಹೋಗುತ್ತೀರಲ್ಲ, ನಮ್ಮ ಮನೆಗೆ ಹೋಗಿ ತನ್ನಿ ಎಂದು.

ಹೊನ್ನಯ್ಯ ಒಂದೊಂದನ್ನೇ ಚೀಲದಿಂದ ಹೊರಗಿಟ್ಟರು. ಪಟ್ಟಿ ಎಂದರೆ ಕಾರ್ಖಾನೆಯ ಹರಾಜಿನಲ್ಲಿ ಸಿಕ್ಕಿದ ಕನ್ವೇಯರ್ ಬೆಲ್ಟಿನ ತುಂಡಿನಿಂದ ಅವರೇ ಹೊಲಿದದ್ದು. ಕೊರಳಿಗಲ್ಲ, ಎದೆ ಮತ್ತು ಹೊಟ್ಟೆಯ ಸುತ್ತ ಬರುವಂಥದ್ದು, ಬೆನ್ನ ಮೇಲೆ ಒಂದು ಹಿಡಿ. "ಬಂಡೆ ಹತ್ತಿಸೋವಾಗ ಕುತ್ತಿಗೆ ಬೆಲ್ಟ್ ಹಿಡಿದು ಎಳೆದ್ರೆ ಉಸಿರು ಕಟ್ಟುತ್ತೆ. ಇದನ್ನ ಹಿಡ್ಕೊಂಡ್ರೆ ಸೂಟ್‌ಕೇಸ್ ಎತ್ತಿದ ಹಾಗೆ ಎತ್ತಬಹುದು." ಟ್ಯೂಬು ಎಂದರೆ ಹಳೆಯ ಸೈಕಲ್ ಟ್ಯೂಬಿನ ನಾಲ್ಕು ತುಂಡು, ಒಂದು ಬದಿ ಹೊಲಿದು ಚೀಲದಂತೆ ಮಾಡಿದ್ದು, ನಾಲ್ಕು ಪಾದಕ್ಕೆ ನಾಲ್ಕು. "ಕಲ್ಲು ಚುಚ್ಚಲ್ಲ, ಬೆರಳ ಸಂದಿಗೆ ಉಂಬಳ ಹೋಗಿ ರಕ್ತ ಹೀರಲ್ಲ." ಹಾಳೆ ಎಂದರೆ ಅಡಿಕೆ ಹಾಳೆ. ಪುಷ್ಪಮ್ಮ ಮೆತ್ತಗಾಗಲೆಂದು ನೆನೆಸಿಟ್ಟು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದರು. ಮಡಚಿ ಎರಡು ಕಡ್ಡಿ ಚುಚ್ಚಿದರೆ ನಾಯಿಗೆ ಬಟ್ಟಲು, ಒಂದು ನೀರಿಗೆ, ಒಂದು ಅನ್ನಕ್ಕೆ. ಹೊಗೆಸೊಪ್ಪು, ಸುಣ್ಣ ಅರೆದು ಬಟ್ಟೆಗೆ ಅದ್ದಿ, ಉಂಬಳ ಹತ್ತದಂತೆ ಮನುಷ್ಯರ ಕಾಲಿಗೆ ಕಟ್ಟುವುದಕ್ಕೆ. "ನಾಯಿಗೆ ಹಚ್ಚಬೇಡಿ ಮತ್ತೆ. ನೆಕ್ಕಿಬಿಡುತ್ತೆ."

ಮನೋಹರ ಎಲ್ಲಕ್ಕೂ 'ಹೌದಾ' ಎನ್ನುತ್ತ ಕೂತ. ಅಡಿಕೆ ಹಾಳೆ ಅವನು ಕಾಣದ ವಸ್ತುವಲ್ಲ. ಚಿಕ್ಕವನಿದ್ದಾಗ ಅದರ ಮೇಲೆ ಕೂತು ಎಳೆಸಿಕೊಂಡಿದ್ದಾನೆ. ಹಾಳೆ ಎಂದೊಡನೆ ಕಾಗದ ಮಾತ್ರ ನೆನಪಾಗುವಷ್ಟು ತಾನು ಯಾವಾಗ ಆಫೀಸಿನವನಾದೆ? ಅದನ್ನು ಯೋಚಿಸಲೂ ಬಿಡದಂತೆ ಪುಷ್ಪಮ್ಮ ಎಲೆ ಹಾಕಿದರು. ಶಾವಿಗೆ ಪಾಯಸವಿತ್ತು. ಬಡಿಸುತ್ತ, "ಅವಳಿಗೆ ಅಲ್ಲಿ ಬೇಜಾರಿಲ್ಲ ತಾನೆ? ಕೇಳಿದ್ರೆ ಚೆನ್ನಾಗಿದೀನಿ ಅಂತಾಳೆ, ಅಷ್ಟೇ" ಎಂದರು. "ನೀವು ಬಂದ್ರಲ್ಲ, ನನಗೆ ಸಮಾಧಾನ ಆಯ್ತು."

ತಾನು ಬಂದದ್ದು ಅವಳಿಗಾಗಿ ಅಲ್ಲ, ಇವರಿಗಾಗಿಯೂ ಅಲ್ಲ, ಒಂದು ಚೀಟಿ ಅರ್ಥವಾಗದೆ. ಅವನು ಸುಳ್ಳು ಹೇಳಿರಲಿಲ್ಲ. ಆದರೂ ಈ ಮನೆಯವರೆಲ್ಲ ಒಂದು ಸುಳ್ಳಿನ ಸುತ್ತ ಸಂತೋಷವಾಗಿ ಓಡಾಡುತ್ತಿದ್ದರು.

ಮರಳಿ ಟೆಂಪೋ ಹತ್ತಿದಾಗ ಹೊಗೆಸೊಪ್ಪಿನ ಪೊಟ್ಟಣವನ್ನು ಬೀರಪ್ಪನಿಗೆ ಕೊಟ್ಟ. ಗಾಯದ ಪಟ್ಟಿ, ಮುಲಾಮು ವರ್ಕ್‌ಶಾಪಿನ ಔಷಧಿ ಪೆಟ್ಟಿಗೆಗೆ ಹೋದವು. ಪ್ಲಾಸ್ಟಿಕ್ ಹಾಳೆಗಳನ್ನು ಅಲ್ಲಿದ್ದ ಮಾಲಿನ ಮೇಲೆ ಹೊದಿಸಿದರು.

ಸಂಜೆ ಭೂಮಿಕಾ ಗೇಟಿನ ಹತ್ತಿರವೇ ನಿಂತಿದ್ದಳು. ಚೀಲವನ್ನು ನೋಡಿದಳು, ಒದ್ದೆ ಬಟ್ಟೆಯ ಗಂಟನ್ನು ಮುಟ್ಟಿ ನೋಡಿದಳು. "ಹೋಗಿದ್ರಾ?" ಎಂದಳು. ಅಷ್ಟೇ. ಆಮೇಲೆ ಊಟಕ್ಕೆ ಕೂತಾಗ ಶುರುವಾಯಿತು. ಅಮ್ಮ ಯಾವ ಸೀರೆ ಉಟ್ಟಿದ್ರು? ಅಪ್ಪ ಮೆಟ್ಟಿಲು ಇಳಿವಾಗ ಗೋಡೆ ಹಿಡ್ಕೊಂಡ್ರಾ? ಪಕ್ಕದ್ಮನೆ ಸೆಲ್ವಿ ಅಕ್ಕ ಇಣುಕಿದ್ಲಾ? ಇಣುಕೇ ಇರ್ತಾಳೆ! ಪಾಯಸಕ್ಕೆ ದ್ರಾಕ್ಷಿ ಹಾಕಿದ್ರಾ? ಮನೋಹರ ಒಂದೊಂದಕ್ಕೂ ಉತ್ತರ ಕೊಟ್ಟ. ಸೀರೆಯ ಬಣ್ಣ ನೆನಪಿರಲಿಲ್ಲ, ಹಸಿರು ಎಂದ. ವಿಮಲಮ್ಮ ತುತ್ತು ಕೈಯಲ್ಲೇ ಹಿಡಿದು ಒಮ್ಮೆ ಮಗನನ್ನು, ಒಮ್ಮೆ ಸೊಸೆಯನ್ನು ನೋಡಿದರು. ಅವಳು ಹೀಗೆ ಮಾತಾಡಬಲ್ಲಳು! ಮಾತು ಬೆಳೆದಷ್ಟೂ ಅವನಿಗೆ ಹೇಳಬೇಕಾದದ್ದು ಭಾರವಾಗುತ್ತ ಹೋಯಿತು. ಹೇಳಿದರೆ ಈ ಬಾಗಿಲು ಮತ್ತೆ ಮುಚ್ಚೀತು. ಹೇಳದಿದ್ದರೆ, ಅವಳು ಮಾತಾಡುತ್ತಿರುವುದು ತನ್ನ ಜೊತೆಯಲ್ಲ, ಬೇಕೆಂದೇ ತವರಿಗೆ ಹೋಗಿಬಂದ ಯಾವನೋ ಒಬ್ಬ ಒಳ್ಳೆಯ ಗಂಡನ ಜೊತೆ.

ಭಾನುವಾರ ಸ್ಕೂಟರಿನ ಮುಂದೆ ಕೆಂಚನನ್ನು ನಿಲ್ಲಿಸಿಕೊಂಡು ಹೊರಟರು. ಗುಡ್ಡದ ಬುಡದಲ್ಲಿ ಭೂಮಿಕಾ ನಾಯಿಯ ಎದೆಗೆ ಪಟ್ಟಿ ಬಿಗಿದು, ಪಾದಗಳಿಗೆ ಟ್ಯೂಬು ತೊಡಿಸಿ ದಾರ ಕಟ್ಟಿದಳು. ಕೆಂಚ ಮೊದಲ ಹತ್ತು ಹೆಜ್ಜೆ ಕೆಸರಿನಲ್ಲಿ ಕೊಕ್ಕರೆಯಂತೆ ಕಾಲೆತ್ತಿ ಎತ್ತಿ ನಡೆದು, ಆಮೇಲೆ ಎಲ್ಲ ಮರೆತು ಓಡಿತು. ಅರ್ಧ ಏರಿದ ಮೇಲೆ ಒಂದು ಬಂಡೆ ಎದುರಾಯಿತು. ಮನೋಹರ ಬೆನ್ನಿನ ಹಿಡಿ ಹಿಡಿದು ಕೆಂಚನನ್ನು ಮೇಲೆತ್ತಿದ, ಅವಳು ಮೇಲಿನಿಂದ ಹಿಡಿದುಕೊಂಡಳು. ಇಬ್ಬರೂ ಏದುಸಿರು ಬಿಡುತ್ತ ಕೂತರು. ಹಾಳೆಯ ಬಟ್ಟಲಿನಲ್ಲಿ ನಾಯಿ ನೀರು ಕುಡಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ನಾನು ಬೇಕು ಅಂತ ಹೋಗಿದ್ದಲ್ಲ" ಎಂದ ಮನೋಹರ.

"ಎಲ್ಲಿಗೆ?"

"ನಿಮ್ಮ ಮನೆಗೆ. ಚೀಟಿ ನನಗೇ ಬರ್ದಿದ್ದು ಅಂದ್ಕೊಂಡೆ. ಅಂಗಡೀಲಿ ತಗೊಂಡೆ ಎಲ್ಲಾನೂ. ಅರ್ಥ ಆಗ್ಲಿಲ್ಲ, ಅದಕ್ಕೆ ಮಾವನ್ನ ಕೇಳೋಕೆ ಹೋದೆ."

ಅವಳು ಅವನ ಕಡೆ ತಿರುಗಿದಳು. "ಏನೇನು ತಗೊಂಡ್ರಿ?"

ಅವನು ಹೇಳಿದ. ಮುಲಾಮಿಗೆ ಬಂದಾಗ ಅವಳ ತುಟಿ ಅದುರಿತು. ಪ್ಲಾಸ್ಟಿಕ್ಕಿಗೆ ಬಂದಾಗ ಮುಖ ಮುಚ್ಚಿಕೊಂಡಳು. "ಮತ್ತೆ ಹೊಗೆಸೊಪ್ಪು? ಅದು ಯಾರಿಗೆ ಅಂದ್ಕೊಂಡ್ರಿ?"

ಅವನು ನಾಯಿಯ ಕಡೆ ನೋಡಿದ.

"ಅಯ್ಯೋ! ಅದಕ್ಕಾ ನನ್ನ ಹಲ್ಲು ನೋಡ್ತಿದ್ದಿದ್ದು?" ಅವಳು ನಗತೊಡಗಿದಳು, ಕಣ್ಣಲ್ಲಿ ನೀರು ಬರುವವರೆಗೆ, ಕೆಂಚ ಬೆದರಿ ಎರಡು ಸಲ ಬೊಗಳುವವರೆಗೆ. ನಂತರ ನಗು ನಿಂತಿತು. ನಿಂತ ಮೇಲೆ ಬಂದ ಮೌನದಲ್ಲಿ ಅವನು ಕಾದ. ಇಂಥ ಮೌನವನ್ನು ಅವನು ಮನೆಯಲ್ಲಿ ಕಂಡಿರಲಿಲ್ಲ, ಇದನ್ನು ಏನೆಂದು ಓದಬೇಕೋ ತಿಳಿಯಲಿಲ್ಲ.

"ಗುರುವಾರ ಬಂದಾಗೆಲ್ಲ ಹೋಟ್ಲಲ್ಲಿ ಊಟ ಆಯ್ತು ಅಂತಿದ್ರಿ" ಎಂದಳು ಕೊನೆಗೆ. "ನಮ್ಮಮ್ಮನ ಕೈಯಡುಗೆ ಸೇರಲ್ಲ ಅಂದ್ಕೊಂಡಿದ್ದೆ. ಇಲ್ಲಾಂದ್ರೆ ನಮ್ಮ ಮನೆಯವರೇ ಸೇರಲ್ಲ ಅಂತ."

"ಕರೀದೆ ಹೋಗಬಾರ್ದು ಅಂತ ಹೋಗ್ಲಿಲ್ಲ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಹಾಗೆ ಗೊತ್ತಿತ್ತು."

"ಕೆಲಸದ ಮೇಲೆ ಬಂದೋರನ್ನ ಕರೆದ್ರೆ ಮುಜುಗರ ಆಗುತ್ತೆ ಅಂತ ಅವರು ಕರೀಲಿಲ್ಲ" ಎಂದಳು ಭೂಮಿಕಾ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ನಗುವಿನ ನೀರೇ ಇರಬಹುದು. ಎದ್ದು, ಹಾಳೆಯಲ್ಲಿ ಉಳಿದ ನೀರು ಚೆಲ್ಲಿ, ಕೆಂಚನ ಪಾದದ ಸಡಿಲವಾದ ದಾರವನ್ನು ಮತ್ತೆ ಬಿಗಿದಳು. ಕೋಪವಿದೆಯೋ ಇಲ್ಲವೋ ಅವಳ ಬೆನ್ನು ನೋಡಿ ಹೇಳುವಂತಿರಲಿಲ್ಲ.

"ಈ ಗುರುವಾರ ಏನು ತರ್ಬೇಕು ಅಲ್ಲಿಂದ?" ಎಂದು ಕೇಳಿದ.

"ಏನೂ ಬೇಡ. ಸುಮ್ನೆ ಹೋಗ್ಬನ್ನಿ."

ಅವಳು ಮುಂದೆ ಹತ್ತತೊಡಗಿದಳು, ಕೆಂಚ ಅವಳ ಹಿಂದೆ. ಮನೋಹರ ಬಂಡೆಯ ಮೇಲೆ ಇನ್ನೂ ಒಂದು ಗಳಿಗೆ ಕೂತಿದ್ದ. ಸುಮ್ಮನೆ ಹೋಗುವುದೆಂದರೆ ಹೇಗೆ? ಹಬ್ಬಕ್ಕೆ ಹೋಗುವುದು ಗೊತ್ತು, ಚೀಟಿ ಹಿಡಿದು ಹೋಗುವುದೂ ಈಗ ಗೊತ್ತು. ಏನೂ ಇಲ್ಲದೆ ಹೋಗಿ ಬಾಗಿಲು ತಟ್ಟಿದರೆ, ತೆಗೆದವರು ಏನು ಬಂದಿರಿ ಎನ್ನುವ ಹಾಗೆ ನೋಡಿದರೆ, ಏನೆನ್ನಬೇಕು? "ಹೀಗೇ ಬಂದೆ" ಎಂದು ಮೆಲ್ಲಗೆ ಹೇಳಿ ನೋಡಿದ. ಸರಿಯೆನಿಸಲಿಲ್ಲ. "ಊಟಕ್ಕೆ ಬಂದೆ" ಎಂದ, ಸ್ವಲ್ಪ ಗಟ್ಟಿಯಾಗಿ. ಮೇಲೆ ದಾರಿಯ ತಿರುವಿನಲ್ಲಿ ಕೆಂಚ ನಿಂತು ಅವನನ್ನೇ ನೋಡುತ್ತಿತ್ತು. ಅವನು ಎದ್ದು, ಇನ್ನೊಂದು ಬಗೆಯಲ್ಲಿ ಹೇಳಿ ನೋಡುತ್ತ, ಅವರ ಹಿಂದೆ ಹತ್ತಿದ.